ಪಟ್ಟಿಯಲ್ಲಿ ಹೆಸರಿತ್ತು, ಪಟದಡಿಯಲ್ಲಿ ಇರಲಿಲ್ಲ

ಚುನಾವಣೆ ಮುಗಿದ ಮರುದಿನದ ಪತ್ರಿಕೆಯಲ್ಲಿ ಒಂದು ಚಿತ್ರ ತಪ್ಪದೆ ಇರುತ್ತದೆ. ಸರ್ಕಾರಿ ಶಾಲೆಯ ಗೋಡೆ, ಗೋಡೆಗೆ ಅಂಟಿಸಿದ ಮತಗಟ್ಟೆ ಸಂಖ್ಯೆಯ ಕಾಗದ, ಪಕ್ಕದಲ್ಲಿ ಹೆಂಗಸರ ಉದ್ದನೆಯ ಸಾಲು. ಮುಂದಿದ್ದಾಕೆ ತಲೆಯ ಮೇಲೆ ಸೆರಗೆಳೆದುಕೊಂಡು ಗುರುತಿನ ಚೀಟಿಯನ್ನು ಎದೆಗೊತ್ತಿ ಹಿಡಿದಿದ್ದಾಳೆ. ಹಿಂದಿನಾಕೆಯ ಸೊಂಟದಲ್ಲಿ ಕೂಸು. ಮೂರನೆಯಾಕೆ ಕ್ಯಾಮೆರಾ ಕಂಡು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಾಳೆ. ಬಾಗಿಲ ಬಳಿಯ ಪೇದೆ ಎತ್ತಲೋ ನೋಡುತ್ತಿದ್ದಾನೆ. ಚಿತ್ರದ ಅಡಿಗೆ ಒಂದೇ ಸಾಲು: ಸಿರುಗುಪ್ಪ ತಾಲ್ಲೂಕಿನ ಹಚ್ಚೊಳ್ಳಿಯಲ್ಲಿ ಮತ ಚಲಾಯಿಸಲು ಸರದಿಯಲ್ಲಿ ನಿಂತ ಮಹಿಳೆಯರು. ಹಚ್ಚೊಳ್ಳಿಯ ಬದಲು ತೆಕ್ಕಲಕೋಟೆ ಎಂದಿದ್ದರೂ, ಕುರುಗೋಡು ಎಂದಿದ್ದರೂ ಯಾರಿಗೂ ಅನುಮಾನ ಬರುವುದಿಲ್ಲ. ಐದು ವರ್ಷಕ್ಕೊಮ್ಮೆ ಊರಿನ ಹೆಸರೊಂದನ್ನು ಬದಲಿಸಿ ಬಳಸುವ ಸಾಲು ಅದು.

ಅದೇ ಪುಟದ ಇನ್ನೊಂದು ಮೂಲೆಯಲ್ಲಿ ಅಭ್ಯರ್ಥಿಯೊಬ್ಬರು ಮನೆಮಂದಿಯ ಜೊತೆ ಬಂದು ಮತ ಹಾಕಿದ ಚಿತ್ರ. ಅಲ್ಲಿ ಪತ್ನಿ, ಮಗ, ಸೊಸೆ ಎಲ್ಲರ ಹೆಸರೂ ಉಂಟು.

ಹೆಣ್ಣುಮಕ್ಕಳಿಗೆ ಮತದ ಹಕ್ಕು ಬಂದ ಕಥೆಯನ್ನು ಹಳೆಯ ಪತ್ರಿಕಾ ಚಿತ್ರಗಳಲ್ಲಿ ಓದಹೊರಟವರಿಗೆ ಚಿತ್ರಗಳು ಸಿಗುತ್ತವೆ, ಹೆಸರುಗಳು ಸಿಗುವುದಿಲ್ಲ. ವಿಚಿತ್ರವೆಂದರೆ ಆ ಹೆಸರುಗಳು ಕಳೆದುಹೋದವೇನೂ ಅಲ್ಲ. ಚಿತ್ರ ತೆಗೆಯುವ ಹೊತ್ತಿಗೆ, ಅದೇ ಗೋಡೆಯ ಆಚೆ ಬದಿಯ ಮೇಜಿನ ಮೇಲೆ, ಮತದಾರರ ಪಟ್ಟಿಯಲ್ಲಿ ಅಷ್ಟೂ ಹೆಸರುಗಳು ಅಚ್ಚಾಗಿ ಕೂತಿದ್ದವು.

ಪತ್ರಿಕೆಯಲ್ಲಿ ಕನ್ನಡ ನಾಡಿನ ಸಾಮಾನ್ಯ ಹೆಂಗಸರ ಇನ್ನೊಂದು ಸಾಲನ್ನು ನೋಡಬೇಕಾದರೆ ಬರಗಾಲದ ಕಡೆಗೆ ಹೋಗಬೇಕು. 1876ರಿಂದ 78ರವರೆಗಿನ, ಧಾತು–ಈಶ್ವರ ಸಂವತ್ಸರಗಳ ಬರ ದಕ್ಷಿಣ ಭಾರತವನ್ನೇ ನೆಲಕ್ಕೆ ಕೆಡವಿತು. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರ ಅಕ್ಟೋಬರ್ 20ರ ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ ಬೆಂಗಳೂರಿನಲ್ಲಿ ನೆರವಿಗಾಗಿ ಕಾದ ಜನರ ಚಿತ್ರವನ್ನು ಅಚ್ಚು ಹಾಕಿತು. ಎಲುಬು ಎದ್ದ ಗಂಡಸರು, ಹೆಂಗಸರು, ಮಕ್ಕಳು. ಅದು ಫೋಟೋ ಅಲ್ಲ, ಕೆತ್ತನೆ. ಅದೇ ಬರದ ಕಾಲದಲ್ಲಿ ವಿಲೋಬಿ ಹೂಪರ್ ಎಂಬ ಸೇನಾಧಿಕಾರಿ ಹಸಿದವರನ್ನು ಗುಂಪುಗುಂಪಾಗಿ ಕೂರಿಸಿ ಫೋಟೋ ತೆಗೆದ. ಅನ್ನ ಕೊಡುವ ಬದಲು ಕ್ಯಾಮೆರಾ ಹಿಡಿದನೆಂದು ಇಂಗ್ಲೆಂಡಿನಲ್ಲೇ ಅವನಿಗೆ ಛೀಮಾರಿ ಬಿತ್ತು. ಅಲ್ಲಿಯೂ ಹೆಸರಿಲ್ಲ, ಗಂಜಿಗೆ ಕಾದವರು ಅಷ್ಟೆ.

ಫೋಟೋವನ್ನು ಫೋಟೋ ಆಗಿಯೇ ಪತ್ರಿಕೆಯಲ್ಲಿ ಅಚ್ಚು ಹಾಕುವ ವಿದ್ಯೆ ಆಮೇಲಿನದು. 1880ರ ಮಾರ್ಚ್ 4ರಂದು ನ್ಯೂಯಾರ್ಕಿನ ‘ಡೈಲಿ ಗ್ರಾಫಿಕ್’ ಅದನ್ನು ಮಾಡಿ ತೋರಿಸಿತು. ಚಿತ್ರವನ್ನು ಸಣ್ಣ ಗೆರೆಗಳ ಜಾಲರಿಯ ಮೂಲಕ ಹಾಯಿಸಿದರೆ ಅದು ಚುಕ್ಕಿಗಳಾಗಿ ಒಡೆಯುತ್ತದೆ. ಕಪ್ಪಿರುವಲ್ಲಿ ದಪ್ಪ ಚುಕ್ಕಿ, ಬಿಳುಪಿರುವಲ್ಲಿ ಸಣ್ಣ ಚುಕ್ಕಿ. ಆ ಚುಕ್ಕಿಗಳನ್ನು ಲೋಹದ ಹಲಗೆಗೆ ಇಳಿಸಿ, ಉಳಿದ ಭಾಗವನ್ನು ಆಮ್ಲದಲ್ಲಿ ಕರಗಿಸಿದರೆ ‘ಬ್ಲಾಕ್’ ಸಿದ್ಧ. ಹಳೆಯ ಕನ್ನಡ ಪತ್ರಿಕೆಗಳ ಕಚೇರಿಗಳಲ್ಲಿ ‘ಬ್ಲಾಕ್ ಮಾಡಿಸುವುದು’ ಎಂದರೆ ಖರ್ಚಿನ ಬಾಬತ್ತು. ಒಮ್ಮೆ ಮಾಡಿಸಿದ ಬ್ಲಾಕನ್ನು ಜೋಪಾನವಾಗಿಟ್ಟು ವರ್ಷಗಟ್ಟಲೆ ಬಳಸುತ್ತಿದ್ದರು. ದಿವಾನರ, ಮಹಾರಾಜರ, ಗಾಂಧೀಜಿಯವರ ಅದದೇ ಮುಖ ಮತ್ತೆ ಮತ್ತೆ ಬರುತ್ತಿದ್ದುದು ಭಕ್ತಿಯಿಂದಷ್ಟೇ ಅಲ್ಲ, ಮಿತವ್ಯಯದಿಂದಲೂ ಹೌದು. ಇಂಥ ಲೆಕ್ಕಾಚಾರದಲ್ಲಿ ಹತ್ತಿ ಬಿಡಿಸುವ ಹೆಂಗಸಿಗೆ ಬ್ಲಾಕ್ ಮಾಡಿಸುವವರು ಯಾರು?

ಇಂಗ್ಲೆಂಡಿನಲ್ಲಿ ಮತದ ಹಕ್ಕಿಗೆ ಹೋರಾಡಿದವರು ಈ ಲೆಕ್ಕವನ್ನು ಚೆನ್ನಾಗಿ ಅರಿತಿದ್ದರು. ಪತ್ರಿಕೆಯವರು ಬ್ಲಾಕ್ ಮಾಡಿಸಲೇಬೇಕಾಗುವಂಥ ದೃಶ್ಯವನ್ನು ಅವರೇ ಬೀದಿಯಲ್ಲಿ ಒದಗಿಸಿದರು. 1914ರ ಮೇ 21ರಂದು ಬಕಿಂಗ್‌ಹ್ಯಾಮ್ ಅರಮನೆಯ ಹೊರಗೆ ಪೊಲೀಸ್ ಅಧಿಕಾರಿ ಹೋರಾಟದ ನಾಯಕಿ ಎಮ್ಮಲಿನ್ ಪ್ಯಾಂಕ್‌ಹರ್ಸ್ಟ್ ಅವರನ್ನು ಅನಾಮತ್ತಾಗಿ ಎತ್ತಿಕೊಂಡು ಹೋದ ಚಿತ್ರವನ್ನು ಇಂದಿಗೂ ಶಾಲಾ ಪುಸ್ತಕಗಳು ಬಿಟ್ಟಿಲ್ಲ. ಸರ್ಕಾರವೂ ಸುಮ್ಮನಿರಲಿಲ್ಲ, ಜೈಲಿನಲ್ಲಿದ್ದ ಹೋರಾಟಗಾರ್ತಿಯರ ಫೋಟೋಗಳನ್ನು ಗುಟ್ಟಾಗಿ ತೆಗೆಸಿತು. ಎವಲಿನ್ ಮನೆಸ್ಟಾ ಎಂಬಾಕೆ ಕ್ಯಾಮೆರಾಗೆ ಮುಖ ಕೊಡಲೊಲ್ಲದಾಗ ಕಾವಲುಗಾರನ ತೋಳು ಆಕೆಯ ಕತ್ತನ್ನು ಬಳಸಿ ಹಿಡಿದಿತ್ತು. ಹೊರಬಂದ ಚಿತ್ರದಲ್ಲಿ ಆ ತೋಳು ಕುತ್ತಿಗೆಗೆ ಸುತ್ತಿದ ಬಟ್ಟೆಯಾಗಿತ್ತು. ಫೋಟೋ ತಿದ್ದುವ ಕಲೆ ಕಂಪ್ಯೂಟರಿನಿಂದ ಬಂದದ್ದಲ್ಲ.

ಆ ಕಾಲದ ಲಂಡನ್ ಚಿತ್ರಗಳಲ್ಲಿ ಒಂದು ನಮ್ಮವರಿಗೆ ಬಹಳ ಪ್ರಿಯ. 1911ರ ಜೂನ್ 17ರ ಮೆರವಣಿಗೆಯಲ್ಲಿ ಸೀರೆಯುಟ್ಟ ಕೆಲವು ಭಾರತೀಯ ಮಹಿಳೆಯರು ನಿಂತಿದ್ದಾರೆ. ಮತದ ಹಕ್ಕಿಗೆ ಹೋರಾಡಿದ ಭಾರತದ ವೀರನಾರಿಯರು ಎಂದು ಮೊಬೈಲಿನಿಂದ ಮೊಬೈಲಿಗೆ ಅದು ಹರಿದಾಡುತ್ತದೆ. ಆದರೆ ಅಂದು ಸಾಮ್ರಾಜ್ಯದ ಮೂಲೆಮೂಲೆಯ ಹೆಂಗಸರೂ ನಮ್ಮೊಂದಿಗಿದ್ದಾರೆ ಎಂದು ತೋರಿಸಲು ಸಂಘಟಕರು ಕರೆಸಿದ್ದ ತಂಡಗಳಲ್ಲಿ ಅದೂ ಒಂದು. ಅವರು ನಡೆದದ್ದು ನಿಜ. ಯಾರ ಮತಕ್ಕಾಗಿ ನಡೆದರು ಎಂಬುದು ಚಿತ್ರ ನೋಡಿದರೆ ತಿಳಿಯುವುದಿಲ್ಲ. ಅದಕ್ಕಿಂತ ಗಟ್ಟಿಯಾದದ್ದು 1913ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಮುಂದೆ ‘ಸಫ್ರಜೆಟ್’ ಪತ್ರಿಕೆ ಮಾರುತ್ತ ನಿಂತ ಸೋಫಿಯಾ ದುಲೀಪ್ ಸಿಂಗ್ ಅವರ ಚಿತ್ರ. ಮಹಾರಾಜ ರಣಜಿತ್ ಸಿಂಗರ ಮೊಮ್ಮಗಳು ಹಲಗೆಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಚೀಲ ಹೆಗಲಿಗೇರಿಸಿ ಪತ್ರಿಕೆ ಮಾರುತ್ತಾಳೆ. ಹೆಸರು, ಸ್ಥಳ, ವರ್ಷ ಮೂರೂ ಗೊತ್ತಿರುವ ಚಿತ್ರ ಎಷ್ಟು ಮಾತಾಡುತ್ತದೆ ನೋಡಿ.

ಇನ್ನು ಬಳ್ಳಾರಿಯ ಕಡೆ ಬರೋಣ. 1917ರ ಡಿಸೆಂಬರ್ 18ರಂದು ಸರೋಜಿನಿ ನಾಯ್ಡು ಅವರ ಮುಂದಾಳತ್ವದಲ್ಲಿ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತದ ಹಕ್ಕು ಕೇಳಿತು. 1919ರ ಕಾಯಿದೆ ಅದನ್ನು ನೇರವಾಗಿ ಕೊಡಲಿಲ್ಲ. ಆಯಾ ಪ್ರಾಂತಗಳಿಗೆ ಬಿಟ್ಟಿತು. 1921ರ ಏಪ್ರಿಲ್ 1ರಂದು ಮದ್ರಾಸ್ ವಿಧಾನ ಪರಿಷತ್ತು ಹೆಂಗಸರಿಗೂ ಮತ ಎಂದು ನಿರ್ಣಯ ಮಾಡಿತು. ಬ್ರಿಟಿಷ್ ಆಳ್ವಿಕೆಯ ಪ್ರಾಂತಗಳಲ್ಲಿ ಇದೇ ಮೊದಲು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಹಾಗಾಗಿ ಸಿರುಗುಪ್ಪ ಸೀಮೆಯ ಹೆಂಗಸರು ಈ ಹಕ್ಕಿನ ಸರದಿಯಲ್ಲಿ ಬ್ರಿಟಿಷ್ ಪ್ರಾಂತಗಳಿಗೆಲ್ಲ ಮುಂದಿದ್ದರು. ತುಂಗಭದ್ರೆಯ ಆಚೆ ದಡದ ಸಿಂಧನೂರು, ಮಾನ್ವಿ ನಿಜಾಮರ ಹೈದರಾಬಾದಿನವು. ಅಲ್ಲಿ ಹೆಂಗಸರಿರಲಿ, ಗಂಡಸರಿಗೂ ಇಂಥ ಚುನಾವಣೆ ಇರಲಿಲ್ಲ. ಈ ದಡದ ಮನೆಯ ಹೆಣ್ಣು ಮದುವೆಯಾಗಿ ಆ ದಡಕ್ಕೆ ಹೋದರೆ ತವರಿನ ಜೊತೆ ಮತವನ್ನೂ ಬಿಟ್ಟುಹೋಗಬೇಕಿತ್ತು.

ಆದರೆ ಎಷ್ಟು ಮಂದಿಗೆ ಆ ಮತ ಇತ್ತು? ಪಟ್ಟಾ ಭೂಮಿ, ಕಂದಾಯ, ತೆರಿಗೆ ಇವೇ ಅರ್ಹತೆಯ ಅಳತೆ. ತನ್ನ ಹೆಸರಿನಲ್ಲಿ ಹೊಲವಿರುವ ಹೆಂಗಸು ಊರಿಗೆ ಎಷ್ಟು ಮಂದಿ ಇದ್ದಾರು? ಗಂಡ ತೀರಿಕೊಂಡು ಪಟ್ಟಾ ಹೆಸರಿಗೆ ಬಂದವರು, ಗಂಡುಮಕ್ಕಳಿಲ್ಲದ ಮನೆಯ ಒಬ್ಬ ಮಗಳು, ಅಷ್ಟೆ. 1935ರ ಕಾಯಿದೆ ಓದುಬರಹ ಬಲ್ಲವರನ್ನೂ, ಆಸ್ತಿವಂತ ಮತದಾರರ ಹೆಂಡಂದಿರನ್ನೂ ಸೇರಿಸಿಕೊಂಡಿತು. ಆಗಲೂ ಇಡೀ ದೇಶದಲ್ಲಿ ಮತ ದೊರೆತ ಹೆಂಗಸರು ಸುಮಾರು 60 ಲಕ್ಷ. ಏಪ್ರಿಲ್ 1ರ ಆ ದಿನ ಕ್ಯಾಮೆರಾಗೆ ಸಿಗುವಂಥದ್ದೂ ಏನಿರಲಿಲ್ಲ. ಬೀದಿಯಲ್ಲಿ ಮೆರವಣಿಗೆ ಇಲ್ಲ, ಬಂಧನವಿಲ್ಲ. ಸಭಾಂಗಣದಲ್ಲಿ ಗಂಡಸರು ಕೂತು ಹೆಂಗಸರ ಪರ ಮತ ಹಾಕಿದರು.

ಕನ್ನಡ ನೆಲದಿಂದ ಈ ಕಥೆಗೆ ಒಂದು ಮುಖ ಸಿಕ್ಕಿದ್ದು 1926ರಲ್ಲಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರಿಗೆ ಆಗ 23 ವರ್ಷ. ಹೆಂಗಸರು ಮದ್ರಾಸ್ ಪರಿಷತ್ತಿಗೆ ಸ್ಪರ್ಧಿಸಬಹುದು ಎಂಬ ನಿಯಮ ಬಂದದ್ದೇ ತಡ, ಮಹಿಳಾ ಮತದಾನದ ಹೋರಾಟಗಾರ್ತಿ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಕಟ್ಟುಬಿದ್ದು ಕಣಕ್ಕಿಳಿದು, ತೀರಾ ಕಡಿಮೆ ಅಂತರದಲ್ಲಿ ಸೋತರು. ನಾಲ್ಕು ವರ್ಷಗಳ ಮೇಲೆ, ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ, ಅವರು ಮುಂಬೈ ಬೀದಿಗಳಲ್ಲಿದ್ದರು. ಆ ದಿನಗಳ ಮುಂಬೈಯ ಇನ್ನೂರಕ್ಕೂ ಹೆಚ್ಚು ಫೋಟೋಗಳ ಒಂದು ಆಲ್ಬಂ ಈಗ ದೆಹಲಿಯ ಅಲ್ಕಾಜಿ ಸಂಗ್ರಹದಲ್ಲಿದೆ. ಅದರ ತುಂಬ ಹೆಂಗಸರು: ಉಪ್ಪು ಕಾಯಿಸುವವರು, ಬಾವುಟ ಹಿಡಿದವರು, ಪೊಲೀಸರ ಎದುರು ರಸ್ತೆಯಲ್ಲೇ ಕೂತವರು. ಕಮಲಾದೇವಿಯವರಂಥ ಕೆಲವರ ಹೆಸರು ಇತಿಹಾಸಕ್ಕೆ ಗೊತ್ತು. ಮಿಕ್ಕವರು ಅಲ್ಲಿಯೂ ‘ಮಹಿಳೆಯರು’.

ಸ್ವಾತಂತ್ರ್ಯ ಬಂದಮೇಲೆ ಹೊಲ, ಕಂದಾಯ, ಓದು ಯಾವುದನ್ನೂ ಕೇಳದೆ 21 ತುಂಬಿದ ಎಲ್ಲರಿಗೂ ಮತ ಎಂದಾಯಿತು. ಹೇಳುವುದು ಸುಲಭ, ಬರೆಯುವುದು ಕಷ್ಟ. 1948ರಿಂದಲೇ ಪಟ್ಟಿ ಬರೆಯುವ ಕೆಲಸ ಶುರುವಾಯಿತು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರಿಗೆ ದೊಡ್ಡ ತಲೆನೋವಾದದ್ದು ಉತ್ತರ ಭಾರತದ ಹೆಂಗಸರ ಹೆಸರು. ಮನೆ ಬಾಗಿಲಿಗೆ ಬಂದವರಿಗೆ ಅವರು ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಹೇಳಿದರೇ ವಿನಾ ಸ್ವಂತ ಹೆಸರು ಹೇಳಲಿಲ್ಲ. ಹೆಸರು ಹೇಳದವರು ಮತದಾರರಲ್ಲ ಎಂದು ಸೇನ್ ಪಟ್ಟು ಹಿಡಿದರು. ಬಿಹಾರಕ್ಕೆ ಒಂದು ತಿಂಗಳು ಹೆಚ್ಚಿನ ಗಡುವನ್ನೂ ಕೊಟ್ಟರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನ, ವಿಂಧ್ಯ ಪ್ರದೇಶಗಳಲ್ಲೇ ಅವರ ಸಂಖ್ಯೆ ಹೆಚ್ಚು. ಸೇನ್ ಮಾಡಿದ್ದು ಕಠಿಣವಾಯಿತೆಂದು ಟೀಕಿಸಿದವರುಂಟು. ಆದರೆ ಒಮ್ಮೆ ‘ಇಂಥವನ ಹೆಂಡತಿ’ ಎಂದು ಬರೆದುಕೊಂಡಿದ್ದರೆ ಆ ಸಾಲು ಎಷ್ಟು ಚುನಾವಣೆಗಳವರೆಗೆ ಹಾಗೇ ಉಳಿಯುತ್ತಿತ್ತೋ.

ಬಳ್ಳಾರಿ ಸೀಮೆಯ ಸಂಪ್ರದಾಯ ಬೇರೆ. ಇಲ್ಲಿನ ಹೆಂಗಸು ತನ್ನ ಹೆಸರನ್ನು ಹನುಮಕ್ಕ, ಈರಮ್ಮ, ಹುಲಿಗೆಮ್ಮ ಎಂದು ಎತ್ತಿದ ದನಿಯಲ್ಲೇ ಹೇಳುತ್ತಾಳೆ. ಬಾಯಿ ಕಟ್ಟುವುದು ಗಂಡನ ಹೆಸರಿಗೆ ಬಂದಾಗ. ಮದುವೆ ಮನೆಯಲ್ಲಿ ಬೀಗರೆಲ್ಲ ಸುತ್ತುಗಟ್ಟಿ ಕಾಡಿದಾಗ ಒಡಪು ಕಟ್ಟಿ, ಸಾಲಿನ ಕೊನೆಯಲ್ಲಿ ಹೆಸರು ತೂರಿಸಿ ಹೇಳಿ ಮುಖ ಮುಚ್ಚಿಕೊಳ್ಳುವ ಪದ್ಧತಿ ಇಲ್ಲಿಯದು. ಮತದಾರರ ಪಟ್ಟಿಯಲ್ಲಿಯೋ ‘ಗಂಡನ ಹೆಸರು’ ಎಂದೇ ಒಂದು ಅಂಕಣ. ಇಂದಿಗೂ ಹಳ್ಳಿಗಳಲ್ಲಿ ಪಟ್ಟಿ ತಿದ್ದಲು ಹೋದ ಶಾಲಾ ಶಿಕ್ಷಕರಿಗೆ ಈ ಮಾತುಕತೆ ಹೊಸದಲ್ಲ:

‘ಯಜಮಾನ್ರ ಹೆಸರೇನಮ್ಮ?’

‘ಅಯ್ಯ, ಅದನ್ನ ನಾ ಹೆಂಗ ಹೇಳ್ಲೆಪ್ಪ. ನಮ್ಮ ಹುಡುಗ ಅಲ್ಲೇ ಕಟ್ಟೀಮ್ಯಾಲ ಕುಂತಾನ, ಅವನ್ನ ಕೇಳ್ರಿ.’

ಕಟ್ಟೆಯ ಮೇಲಿಂದ ಹೆಸರು ಬರುತ್ತದೆ, ಪಟ್ಟಿಗೆ ಸೇರುತ್ತದೆ. ಉತ್ತರದಲ್ಲಿ ಹೆಂಗಸು ತನ್ನ ಹೆಸರನ್ನು ಮುಚ್ಚಿಟ್ಟು ಮತ ಕಳೆದುಕೊಂಡಳು. ಇಲ್ಲಿ ಗಂಡನ ಹೆಸರನ್ನು ಮುಚ್ಚಿಟ್ಟೂ ಮತ ಉಳಿಸಿಕೊಂಡಳು.

1951ರ ಅಕ್ಟೋಬರಿನಿಂದ 1952ರ ಫೆಬ್ರುವರಿವರೆಗೆ ಮೊದಲ ಮಹಾಚುನಾವಣೆ ನಡೆಯಿತು. ಒಟ್ಟು 17 ಕೋಟಿಗೂ ಹೆಚ್ಚು ಮತದಾರರು. ಹಚ್ಚೊಳ್ಳಿಯವರು ವಿಧಾನಸಭೆಗೆ ಮತ ಹಾಕಿದ್ದು ಮದ್ರಾಸ್ ರಾಜ್ಯಕ್ಕೆ. ಬಳ್ಳಾರಿಯಿಂದ ಲೋಕಸಭೆಗೆ ಸ್ವಾತಂತ್ರ್ಯ ಹೋರಾಟಗಾರ ಟೇಕೂರು ಸುಬ್ರಹ್ಮಣ್ಯಂ ಆರಿಸಿಬಂದರು. 1953ರ ಅಕ್ಟೋಬರ್ 1ರಂದು ಜಿಲ್ಲೆ ಒಡೆಯಿತು; ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. 1957ರಲ್ಲಿ ಅದೇ ಹೆಂಗಸರು ಅದೇ ಊರಿನಲ್ಲಿ ನಿಂತು ಇನ್ನೊಂದು ರಾಜ್ಯದ ವಿಧಾನಸಭೆಗೆ ಮತ ಹಾಕಿದರು. ಈಗ ಲೋಕಸಭೆಗೆ ಸಿರುಗುಪ್ಪ ಸೇರಿರುವುದು ನದಿಯಾಚೆಯ ಊರುಗಳಿರುವ ಕೊಪ್ಪಳ ಕ್ಷೇತ್ರಕ್ಕೆ. ಮನೆ ಬದಲಿಸದೆ ಇಷ್ಟು ಬದಲಾವಣೆ ಕಂಡ ಮತದಾರರು ಬೇರೆಡೆ ಕಡಿಮೆ.

ಮೊದಲ ಚುನಾವಣೆಯ ಫೋಟೋಗಳಲ್ಲಿ ಇಂದಿನವರಿಗೆ ಅರ್ಥವಾಗದ ಒಂದು ಸಂಗತಿ ಉಂಟು: ಕಬ್ಬಿಣದ ಪೆಟ್ಟಿಗೆಗಳ ಸಾಲು. ಅಂದು ಮತಪತ್ರದ ಮೇಲೆ ಗುರುತು ಒತ್ತುವಂತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆಯ ಚಿತ್ರ. ಬೇಕಾದ ಪೆಟ್ಟಿಗೆಯೊಳಗೆ ಚೀಟಿ ಬಿಟ್ಟರಾಯಿತು. ಕಾಂಗ್ರೆಸ್ಸಿನದು ನೊಗ ಹೊತ್ತ ಜೋಡೆತ್ತು. ಎರೆಹೊಲದ ಹೆಂಗಸಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ.

ಬೆರಳಿನ ಶಾಯಿಯದು ಇನ್ನೂ ಸ್ವಾರಸ್ಯ. 1962ರಿಂದ ಅದು ಮೈಸೂರಿನ ಬಣ್ಣದ ಕಾರ್ಖಾನೆಯಿಂದ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಸಂಸ್ಥೆಯಿಂದ ಬರುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಹಚ್ಚಿ ಬಿಸಿಲು ತಾಗಿದ ಮೇಲೆ ಕಪ್ಪಾಗಿ ಚರ್ಮದೊಳಗೆ ಕೂರುತ್ತದೆ. ಆ ಕಾಲದ ಕ್ಯಾಮೆರಾದ ಫಿಲ್ಮಿನಲ್ಲಿದ್ದದ್ದೂ ಬೆಳ್ಳಿಯ ಲವಣವೇ. ಅದೂ ಬೆಳಕು ಬಿದ್ದಲ್ಲಿಯೇ ಕಪ್ಪಾಗುವುದು. ಮತಗಟ್ಟೆಯಿಂದ ಹೊರಬಂದು ಬೆರಳೆತ್ತಿ ತೋರಿದಾಕೆಯನ್ನು ಛಾಯಾಗ್ರಾಹಕ ಸೆರೆಹಿಡಿದಾಗ ಎರಡೂ ಕಡೆ ಒಂದೇ ರಸಾಯನಶಾಸ್ತ್ರ ಕೆಲಸ ಮಾಡುತ್ತಿತ್ತು. ಬೆರಳಿನದು ಕೆಲವು ವಾರದಲ್ಲಿ ಉಗುರಿನ ಜೊತೆ ಬೆಳೆದು ಹೋಗುತ್ತದೆ. ಪತ್ರಿಕೆಯದು ಉಳಿಯುತ್ತದೆ.

ಅಂಥ ಚಿತ್ರಗಳಿಗೆ ಕನ್ನಡ ಪತ್ರಿಕೆಗಳಲ್ಲಿ ಜಾಗ ಸಿಕ್ಕಿದ ಕಥೆಗೂ ಬಳ್ಳಾರಿಗೂ ನಂಟುಂಟು. 1948ರ ಜೂನ್ 17ರಂದು ‘ಡೆಕ್ಕನ್ ಹೆರಾಲ್ಡ್’, ಅದೇ ವರ್ಷದ ಅಕ್ಟೋಬರ್ 15ರಂದು ‘ಪ್ರಜಾವಾಣಿ’ ಆರಂಭಿಸಿದ ಕೆ. ಎನ್. ಗುರುಸ್ವಾಮಿ ಬಳ್ಳಾರಿ ಮೂಲದವರು. ಡೆಕ್ಕನ್ ಹೆರಾಲ್ಡಿಗೆ ಛಾಯಾಗ್ರಾಹಕರಾಗಿ ಸೇರಿದವರು ಮೈಸೂರಿನ ಟಿ. ಎಸ್. ಸತ್ಯನ್. ಮುಂದೆ ‘ಲೈಫ್’ ಪತ್ರಿಕೆಗೂ, ಯುನಿಸೆಫ್‌ಗೂ ಚಿತ್ರ ತೆಗೆದು, 1977ರಲ್ಲಿ ಪದ್ಮಶ್ರೀ ಪಡೆದರು. ಮಂತ್ರಿಗಳನ್ನೂ ಅವರು ತೆಗೆದರು, ಆದರೆ ಕಣ್ಣು ನಿಂತದ್ದು ಸಂತೆಯ ಮುದುಕಿ, ಶಾಲೆಗೆ ಹೊರಟ ಹುಡುಗಿ, ಬಾವಿಕಟ್ಟೆಯ ಮಾತುಕತೆಗಳ ಮೇಲೆ. ಇಂಥ ದಿನನಿತ್ಯದ ಚಿತ್ರಗಳನ್ನು ಚುನಾವಣೆಯ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಆ ಸಾಲಿನಲ್ಲಿ ನಿಂತವರಿಗೆ ಮತ ಏತಕ್ಕೆ ಬೇಕಿತ್ತು ಎಂಬುದು ಹೊಳೆಯುವುದು. ಬರೀ ಸಾಲಿನ ಚಿತ್ರ ಹಕ್ಕನ್ನು ಹೇಳುತ್ತದೆ, ಅಗತ್ಯವನ್ನು ಹೇಳುವುದಿಲ್ಲ.

ತುಂಗಭದ್ರಾ ಅಣೆಕಟ್ಟೆಯನ್ನೇ ತೆಗೆದುಕೊಳ್ಳಿ. 1945ರ ಫೆಬ್ರುವರಿ 28ರಂದು ಅಡಿಗಲ್ಲು, 1953ರಲ್ಲಿ ಕಾಲುವೆಗೆ ನೀರು. ಯಂತ್ರಕ್ಕಿಂತ ಹೆಚ್ಚಾಗಿ ಕಲ್ಲು, ಸುರ್ಕಿ ಗಾರೆ ಮತ್ತು ಕೈಗಳಿಂದ ಎದ್ದ ಕಟ್ಟೆ ಅದು. ಪುಟ್ಟಿ ಹೊತ್ತು ಗಾರೆ ಸಾಗಿಸಿದ ಹೆಂಗಸರು, ಕಚ್ಚೆ ಬಿಗಿದು ಕಲ್ಲು ಹೊತ್ತವರು ಆ ಕೆಲಸದ ಅರ್ಧ ಬಲ. ಮೊದಲ ಮತ ಹಾಕಿದ ವರ್ಷಗಳೂ, ಕಟ್ಟೆ ಮೇಲೆದ್ದ ವರ್ಷಗಳೂ ಒಂದೇ. ಕಟ್ಟೆಯ ಚಿತ್ರಗಳ ಕೆಳಗೆ ಮುಖ್ಯ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರು ಸರಿಯಾಗಿಯೇ ಇರುತ್ತದೆ. ಪುಟ್ಟಿ ಹೊತ್ತವರು ಚಿತ್ರದ ಎತ್ತರ ತಿಳಿಸುವ ಅಳತೆಗೋಲಿನಂತೆ ನಿಂತಿರುತ್ತಾರೆ. ಆಮೇಲೆ ಕೆಳಮಟ್ಟದ ಕಾಲುವೆ ಸಿರುಗುಪ್ಪದ ನೆಲಕ್ಕೆ ಬಂತು, ಜೋಳ ಬೆಳೆಯುತ್ತಿದ್ದ ಎಷ್ಟೋ ಕಡೆ ಭತ್ತ ಬಂತು, ನಾಟಿ ಹಚ್ಚುವ ಕೂಲಿ ಹೆಂಗಸರ ಪಾಲಿಗೆ ಬಂತು. ಬಾಗಿದ ಬೆನ್ನುಗಳ ಆ ಚಿತ್ರ ಮಳೆಗಾಲದಲ್ಲಿ ಪತ್ರಿಕೆಗೆ ಒದಗಿಬರುವ ಸುಲಭದ ಸೊಬಗು. ಮುಖವೇ ಕಾಣದ ಕಾರಣ ಹೆಸರು ಕೇಳುವ ಪ್ರಶ್ನೆಯೂ ಏಳುವುದಿಲ್ಲ.

1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಗೆ ಬಂದಷ್ಟು ಕ್ಯಾಮೆರಾಗಳು ಹಿಂದೆಂದೂ ಬಂದಿರಲಿಲ್ಲ ಎಂದರೆ ತಪ್ಪಾಗದು. ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರುಬದುರು. ಸುಷ್ಮಾ ಅಷ್ಟರಲ್ಲೇ ಕನ್ನಡ ಕಲಿತು ಭಾಷಣ ಮಾಡಿ ಜನರನ್ನು ಬೆರಗುಗೊಳಿಸಿದರು. ಸೋನಿಯಾ 56,100 ಮತಗಳಿಂದ ಗೆದ್ದರು, ಆಮೇಲೆ ಅಮೇಥಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಅದಕ್ಕೂ ಮೊದಲೇ ಇದೇ ಕ್ಷೇತ್ರ ಬಸವರಾಜೇಶ್ವರಿಯವರನ್ನು ಮೂರು ಸಲ ಲೋಕಸಭೆಗೆ ಕಳಿಸಿತ್ತು ಎಂಬುದನ್ನು ದೆಹಲಿಯಿಂದ ಬಂದ ವರದಿಗಾರರು ಅಷ್ಟಾಗಿ ಗಮನಿಸಲಿಲ್ಲ. ಆ ಚುನಾವಣೆಯ ಫೋಟೋಗಳಲ್ಲಿ ಇಬ್ಬರು ನಾಯಕಿಯರಿಗೆ ಆರತಿ ಬೆಳಗುವ, ಕುಂಕುಮ ಹಚ್ಚುವ, ಕೈ ಕುಲುಕಲು ನುಗ್ಗುವ ಹೆಂಗಸರು ನೂರಾರು. ಕಣದಲ್ಲಿ ಇಬ್ಬರೂ ಹೆಂಗಸರೇ ಆದರೂ ಹೆಸರು ಸಿಕ್ಕಿದ್ದು ಇಬ್ಬರಿಗೆ ಮಾತ್ರ.

ಹೆಸರು ನಿಜವಾಗಿ ಚಿತ್ರದಡಿಗೆ ಇಳಿದದ್ದು ಸದ್ದಿಲ್ಲದೆ, ಒಳಪುಟಗಳಲ್ಲಿ. 1983ರ ಕಾಯಿದೆಯಂತೆ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ಕರ್ನಾಟಕ ಹೆಂಗಸರಿಗೆ ಶೇ 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು. ಸಂವಿಧಾನದ 73ನೇ ತಿದ್ದುಪಡಿ ಅದನ್ನು ಮೂರನೇ ಒಂದು ಭಾಗಕ್ಕೆ ಏರಿಸಿತು. 2010ರಲ್ಲಿ ರಾಜ್ಯ ಅರ್ಧಕ್ಕೆ ಏರಿಸಿತು. ಮೀಸಲಾತಿ ಬಂದಾಗಿನಿಂದ ಜಿಲ್ಲಾ ಪುಟಗಳಲ್ಲಿ ಗ್ರಾಮ ಪಂಚಾಯಿತಿ ಅಧ್ಯಕ್ಷೆಯ ಆಯ್ಕೆಯ ಚಿತ್ರಗಳು ಶುರುವಾದವು. ಕೊರಳಿಗೆ ಹಾರ, ಕೈಯಲ್ಲಿ ಪ್ರಮಾಣಪತ್ರ, ಸುತ್ತ ಹತ್ತಾರು ಗಂಡಸರು, ಎಷ್ಟೋ ಸಲ ಅಧ್ಯಕ್ಷೆಗಿಂತ ಒಂದು ಹೆಜ್ಜೆ ಮುಂದೆ ಆಕೆಯ ಗಂಡ. ನೋಡಿದವರು ನಗುತ್ತಾರೆ, ನಗಬೇಕಾದದ್ದೇ. ಆದರೂ ಕೆಳಗಿನ ಸಾಲಿನಲ್ಲಿ ಊರಿನ ಹೆಸರಿನ ಜೊತೆಗೆ ಆಕೆಯ ಹೆಸರು ಅಚ್ಚಾಗುತ್ತದೆ, ತಪ್ಪದೆ, ಮೊದಲಿಗೆ. ಗಂಡನನ್ನು ‘ಮತ್ತಿತರರು’ ಎಂಬಲ್ಲಿ ಹುಡುಕಬೇಕು.

ಹಳೆಯ ಚಿತ್ರಗಳ ಹೆಸರುಗಳನ್ನು ಈಗಲೂ ಹುಡುಕಬಹುದು, ಏಕೆಂದರೆ ಚಿತ್ರದಲ್ಲಿ ನಿಂತವರ ಮಕ್ಕಳು, ಸೊಸೆಯಂದಿರು ಊರಿನಲ್ಲಿದ್ದಾರೆ. 1970–80ರ ದಶಕದ ಪತ್ರಿಕೆಯ ತುಣುಕನ್ನು ಮನೆಯ ಪೆಟ್ಟಿಗೆಯಲ್ಲೋ, ದೇವರ ಪಟದ ಹಿಂದೆಯೋ ಇಟ್ಟುಕೊಂಡಿರುವವರು ಇದ್ದಾರೆ. ಅಂಥ ತುಣುಕನ್ನು ಊರಿನ ಹಿರಿಯ ಹೆಂಗಸರ ಮುಂದಿಟ್ಟರೆ ಮುಖ ಮಸುಕಾಗಿದ್ದರೂ ಸೀರೆಯ ಅಂಚಿನಿಂದ, ಕೈಬಳೆಯಿಂದ, ಪಕ್ಕದಲ್ಲಿ ನಿಂತವರಿಂದ ಗುರುತು ಹಿಡಿಯುತ್ತಾರೆ. ಗೋಡೆಯ ಮೇಲಿನ ಮತಗಟ್ಟೆ ಸಂಖ್ಯೆ ಓದಲು ಬಂದರೆ ಯಾವ ಓಣಿಯವರು ಎಂಬುದು ಅರ್ಧ ತಿಳಿದಂತೆ. ಮತದಾರರ ಪಟ್ಟಿ ಇಂದಿಗೂ ಮನೆ ಸಂಖ್ಯೆಯ ಕ್ರಮದಲ್ಲೇ ಸಾಗುತ್ತದೆ. ಗುರುತು ಸಿಕ್ಕವರ ಹೆಸರನ್ನು ಫೋಟೋದ ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಶಾಯಿ ಕಾಗದದಾಚೆ ಇಳಿಯುತ್ತದೆ. ಪತ್ರಿಕೆಯ ತುಣುಕಾದರೆ ಅದರ ಮೇಲೆ ಬರೆಯದೆ ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡುವುದು ಮೇಲು. ಎಡದಿಂದ ಬಲಕ್ಕೆ ಎಂದು ಆರಂಭಿಸಿ, ಗುರುತು ಸಿಗದವರ ಜಾಗವನ್ನು ಖಾಲಿ ಬಿಟ್ಟರಾಯಿತು.